ಲೋಗೋ ಕೆತ್ತಲು ಕೊಟ್ಟರೆ ಅಳಗುಳಿಮಣೆ ಬಂತು, ಎಲ್ಲಿ ತಪ್ಪಾಯಿತು?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಸಣ್ಣ ಮಸಾಲೆ ಪದಾರ್ಥಗಳ ಕಂಪನಿ. ಲೋಗೋದಲ್ಲಿ ಒಂದು ಹಳದಿ ಬಳೆ, ಅದನ್ನು ದಾಟಿ ಹೊರಗೆ ಚಾಚಿದ ಹಸಿರು ಮೆಣಸಿನ ಎಲೆ, ಕಪ್ಪು ಕಾಳುಗಳ ಗೊಂಚಲು, ಕೆಳಗೆ ಕಂದು ಬಣ್ಣದಲ್ಲಿ ಕನ್ನಡದ ಹೆಸರು ಇದೆ. ಆಫೀಸಿನ ಬಾಗಿಲ ಎದುರಿನ ಗೋಡೆಗೆ 4 ಅಡಿ ಅಗಲ, 2.5 ಅಡಿ ಎತ್ತರದ ಮರದ ಕೆತ್ತನೆ ಬೇಕಿತ್ತು. ಹಳೆ ಮನೆ ಬಿಚ್ಚಿದಾಗ ಸಿಕ್ಕ ತೇಗದಲ್ಲಿ ಹಲಗೆ ಮಾಡಿಸಿ, ಲೋಗೋದ ಜೆಪಿಜಿ ಕೊಟ್ಟು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಅಂಗಡಿಯಲ್ಲಿ ಕೆತ್ತಿಸಿದೆವು. ಹಲಗೆ 38 ಮಿ.ಮೀ. ದಪ್ಪ, ಕೆತ್ತಿದ ಆಳ 12 ಮಿ.ಮೀ. ಫೋಟೋ ಕಳಿಸಿದ್ದೇವೆ. ಬಂದದ್ದು ನೋಡಿ ಬೇಜಾರಾಯಿತು. ಕಾಳುಗಳೆಲ್ಲ ಗುಳಿಯಾಗಿವೆ, ಎಲೆ ಒಳಗೆ ಹೋಗಿದೆ, ಬಳೆ ಕಾಣುವುದೇ ಇಲ್ಲ. ಇನ್ನೊಂದು ಕಡೆ ಕೇಳಿದರೆ ಪದರ ಪದರವಾಗಿ ಕತ್ತರಿಸಿ ಅಂಟಿಸಿ ಕೊಡುತ್ತೇವೆ ಅಂದರು. ಸಾಫ್ಟ್‌ವೇರಿನಲ್ಲಿ ಲೋಗೋವನ್ನು ನೇರವಾಗಿ ತ್ರೀಡಿ ಮಾಡಲು ಬರುವುದಿಲ್ಲವೇ? ಈ ಹಲಗೆಯನ್ನು ಉಳಿಸಿಕೊಳ್ಳಬಹುದೇ?

ಉತ್ತರ: ನೀವು ಕಳಿಸಿದ ಫೋಟೋ ನೋಡಿದ ಕೂಡಲೇ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಮೆಣಸಿನ ಗೊಂಚಲು ಅಚ್ಚುಕಟ್ಟಾದ ಅಳಗುಳಿಮಣೆ ಆಗಿದೆ. ಹುಣಸೆಬೀಜ ಹಾಕಿ ಆಡಬಹುದು. ಆದರೆ ಎಲ್ಲಿ ತಪ್ಪಾಯಿತು ಅನ್ನುವುದು ಆ ಫೋಟೋದಲ್ಲೇ ಇದೆ.

ಅಂಗಡಿಯವರು ನಿಮ್ಮ ಜೆಪಿಜಿಯನ್ನು ಹಾಗೇ ಹೈಟ್ ಮ್ಯಾಪ್ ಅಂತ ತೆಗೆದುಕೊಂಡಿದ್ದಾರೆ. ಅಂದರೆ ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಬಿಳಿ ಇದ್ದಲ್ಲಿ ಎತ್ತರ, ಕಪ್ಪು ಇದ್ದಲ್ಲಿ ತಗ್ಗು, ಬೂದು ಇದ್ದಲ್ಲಿ ನಡುಮಟ್ಟ ಅಂತ ಯಂತ್ರಕ್ಕೆ ಹೇಳಿದ್ದಾರೆ. ಯಂತ್ರ ಹೇಳಿದಷ್ಟು ಮಾಡಿದೆ. ಕಾಳು ಕಪ್ಪು, ಹಾಗಾಗಿ ಎಲ್ಲಕ್ಕಿಂತ ಆಳದ ಗುಳಿ. ಎಲೆ ಕಡುಹಸಿರು, ಅದೂ ಒಳಗೆ ಹೋಯಿತು. ಬಳೆ ತಿಳಿಹಳದಿ, ಬಿಳಿಗೆ ಹತ್ತಿರ. ಆದ್ದರಿಂದ ಅದು ಹಿನ್ನೆಲೆಯ ಮಟ್ಟಕ್ಕೇ ನಿಂತು ಮಾಯವಾಯಿತು. ಅಕ್ಷರಗಳ ಸುತ್ತ ಮೊಡವೆ ಎದ್ದ ಹಾಗೆ ಒರಟಾಗಿದೆಯಲ್ಲ, ಅದು ಮರದ ದೋಷವಲ್ಲ. ವಾಟ್ಸಾಪಿನಲ್ಲಿ ಹೋಗಿ ಬಂದ ಜೆಪಿಜಿಯ ಅಂಚಿನಲ್ಲಿ ಕಣ್ಣಿಗೆ ಕಾಣದ ಕೊಳೆ ಇರುತ್ತದೆ. ಪರದೆಯ ಮೇಲೆ ನಾವು ಅದನ್ನು ಗಮನಿಸುವುದಿಲ್ಲ. ಯಂತ್ರಕ್ಕೆ ಪ್ರತಿ ಚುಕ್ಕೆಯೂ ಒಂದು ಎತ್ತರ, ಅದು ಕೊಳೆಯನ್ನೂ ನಿಷ್ಠೆಯಿಂದ ಕೆತ್ತುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಂದು ಬಟನ್ ಒತ್ತಿ ಲೋಗೋವನ್ನು ತ್ರೀಡಿ ಮಾಡಲು ಬರುವುದಿಲ್ಲವೇ? ಬರುವುದಿಲ್ಲ. ಸಾಫ್ಟ್‌ವೇರಿಗೆ ಶಕ್ತಿ ಸಾಲದು ಅಂತಲ್ಲ. ನಿಮ್ಮ ಲೋಗೋದಲ್ಲಿ ಎತ್ತರದ ಮಾಹಿತಿಯೇ ಇಲ್ಲ. ಸಾರನಾಥದ ಸಿಂಹಗಳನ್ನು ನೆನಪಿಸಿಕೊಳ್ಳಿ. ಕಲ್ಲಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವುದು ನಾಲ್ಕು. ಅದನ್ನು ರಾಷ್ಟ್ರಲಾಂಛನ ಅಂತ ಕಾಗದಕ್ಕೆ ಇಳಿಸಿದಾಗ ಕಾಣುವುದು ಮೂರೇ. ಹಿಂದೆ ಇನ್ನೊಂದಿದೆ ಅಂತ ನಮಗೆ ಗೊತ್ತು, ಚಿತ್ರಕ್ಕೆ ಗೊತ್ತಿಲ್ಲ. ಉಬ್ಬಿದ್ದನ್ನು ಚಪ್ಪಟೆ ಮಾಡುವಾಗ ಬಿಟ್ಟುಹೋದದ್ದು ಚಪ್ಪಟೆಯಿಂದ ತಾನಾಗಿ ವಾಪಸ್ ಬರುವುದಿಲ್ಲ. ಯಾರೋ ಒಬ್ಬರು ಕೂತು ತೀರ್ಮಾನ ಮಾಡಬೇಕು. ಇತ್ತೀಚೆಗೆ ಚಿತ್ರ ಕೊಟ್ಟರೆ ಆಳ ಊಹಿಸಿ ಕೊಡುವ ಎಐ ಸಾಧನಗಳೂ ಬಂದಿವೆ. ಮುಖ, ಪ್ರಾಣಿ, ದೇವರ ಫೋಟೋಗೆ ಪರವಾಗಿಲ್ಲ. ಲೋಗೋ ಕೊಟ್ಟು ನೋಡಿದ್ದೇನೆ, ಅಂಚುಗಳೆಲ್ಲ ಕರಗಿದ ಬೆಲ್ಲದ ಹಾಗೆ ಬಂದವು. ಲೋಗೋದ ಜೀವ ಇರುವುದೇ ಅಂಚಿನಲ್ಲಿ, ಅಲ್ವಾ?

ಆ ತೀರ್ಮಾನ ಸುಲಭ ಅಂದುಕೊಳ್ಳಬೇಡಿ. ಸ್ಟೇಟ್ ಬ್ಯಾಂಕಿನ ಲೋಗೋ ಎಷ್ಟು ಸರಳ! ನೀಲಿ ವೃತ್ತ, ನಡುವೆ ಬಿಳಿ ಸಣ್ಣ ವೃತ್ತ, ಅದರಿಂದ ಕೆಳಗೆ ಒಂದು ಬಿಳಿ ಸೀಳು. ಇದನ್ನು ಕೆತ್ತುವಾಗ ಸಣ್ಣ ವೃತ್ತ ತೂತೋ, ಗುಂಡಿಯೋ? ನೀಲಿ ಭಾಗ ತಟ್ಟೆಯ ಹಾಗೆ ಚಪ್ಪಟೆಯೋ, ಗುರಾಣಿಯ ಹಾಗೆ ಉಬ್ಬೋ? ಮೂರು ಜನರಿಗೆ ಕೊಟ್ಟರೆ ಮೂರು ಬೇರೆ ಬೇರೆ ವಸ್ತು ಬರುತ್ತವೆ. ಒಲಿಂಪಿಕ್ಸಿನ ಐದು ಉಂಗುರಗಳು ಇನ್ನೂ ಮಜಾ. ಅವು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದೇ ಉಂಗುರ ಒಂದು ಕಡೆ ಮೇಲೆ ಹಾಯಬೇಕು, ಇನ್ನೊಂದು ಕಡೆ ಕೆಳಗೆ ನುಸುಳಬೇಕು. ಹಾಗಾಗಿ ಪ್ರತಿ ಉಂಗುರವೂ ಅಲೆಯ ಹಾಗೆ ಏರಿಳಿಯಬೇಕು. ಎಲ್ಲವನ್ನೂ ಒಂದೇ ಎತ್ತರಕ್ಕೆ ಕೆತ್ತಿದರೆ ಹೆಣಿಗೆ ಹೋಗಿ ಬರೀ ಜಾಲರಿ ಉಳಿಯುತ್ತದೆ.

ನಿಮ್ಮ ಲೋಗೋದಲ್ಲೂ ಇದೇ ಪ್ರಶ್ನೆ ಇದೆ. ಎಲೆ ಬಳೆಯನ್ನು ದಾಟುತ್ತದೆ. ಮೇಲಿಂದಲೋ ಕೆಳಗಿಂದಲೋ? ನಾನಾದರೆ ಮೊದಲು ಕಂಪ್ಯೂಟರ್ ಹತ್ತಿರವೇ ಹೋಗುವುದಿಲ್ಲ. ಲೋಗೋವನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಪ್ರತಿ ಭಾಗದ ಮೇಲೂ ಎಷ್ಟು ಮಿಲಿಮೀಟರ್ ಎತ್ತರ ಅಂತ ಬರೆಯುತ್ತೇನೆ. ನಿಮ್ಮದಕ್ಕೆ ನಾನು ಬರೆದದ್ದು ಹೀಗಿದೆ: ಹಿನ್ನೆಲೆ 0. ಬಳೆಯ ನೆತ್ತಿ 8. ಎಲೆಯ ಬುಡ ಬಳೆಯ ಒಳಗೆ 5ರಲ್ಲಿ ಶುರುವಾಗಿ ಏರುತ್ತಾ ಬಂದು, ಬಳೆಯನ್ನು ದಾಟುವಲ್ಲಿ 12 ಆಗುತ್ತದೆ. ಅಂದರೆ ಬಳೆಗಿಂತ 4 ಮಿ.ಮೀ. ಮೇಲೆ. ದಾಟಿದ ಮೇಲೆ ತುದಿ ಬಾಗಿ 7ಕ್ಕೆ ಇಳಿಯುತ್ತದೆ. ಗೊಂಚಲು ಎಲ್ಲಕ್ಕಿಂತ ಮುಂದೆ, ನಡುವಿನ ಕಾಳುಗಳು 18. ಅಕ್ಷರಗಳು 8, ಬಳೆಯಷ್ಟೇ. ಬಳೆ ಮತ್ತು ಹೆಸರು ಒಂದೇ ಮಟ್ಟದಲ್ಲಿದ್ದರೆ ಎರಡೂ ಒಂದೇ ಮನೆಯವು ಅನಿಸುತ್ತದೆ. ಎಲೆ, ಗೊಂಚಲು ಅವುಗಳ ಮುಂದೆ ಬಂದು ನಿಂತ ಹಾಗೆ ಕಾಣುತ್ತದೆ.

ಒಟ್ಟು 18 ಮಿ.ಮೀ., ಮುಕ್ಕಾಲು ಇಂಚಿಗೂ ಕಡಿಮೆ. ಇಷ್ಟೇನಾ ಅಂತ ನಿಮಗೆ ಅನಿಸಬಹುದು. ನನ್ನ ಹತ್ತಿರ ಬರುವವರೆಲ್ಲ ‘ಸ್ವಲ್ಪ ಜಾಸ್ತಿ ಆಳ ಮಾಡಿ ಸಾರ್’ ಅಂತಲೇ ಶುರು ಮಾಡುತ್ತಾರೆ. ಆದರೆ ಉಬ್ಬು ಕಾಣುವುದು ದಪ್ಪದಿಂದ ಅಲ್ಲ, ನೆರಳಿನಿಂದ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟ, ಒಡವೆಗಳನ್ನು ಗೆಸ್ಸೋ ಎಂಬ ಅಂಟಿನ ಲೇಪ ಹಚ್ಚಿ ಎಷ್ಟು ಉಬ್ಬಿಸಿರುತ್ತಾರೆ? ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ತಂಜಾವೂರಿನವರು ಅದಕ್ಕಿಂತ ಜಾಸ್ತಿ ಉಬ್ಬಿಸುತ್ತಾರೆ. ಆದರೂ ಮೈಸೂರಿನ ಒಡವೆ ಚಪ್ಪಟೆ ಅಂತ ಯಾರೂ ಹೇಳುವುದಿಲ್ಲ.

ಇದೇ ಕಾರಣಕ್ಕೆ ಕಾಳುಗಳನ್ನು ನಿಜವಾದ ಅರ್ಧಗೋಳ ಮಾಡಬೇಡಿ. ನಿಮ್ಮ ಅಳತೆಯಲ್ಲಿ ಒಂದು ಕಾಳು ಸುಮಾರು 40 ಮಿ.ಮೀ. ಅಗಲ ಬರುತ್ತದೆ. ಅರ್ಧಗೋಳ ಮಾಡಿದರೆ ಒಂದೊಂದು ಕಾಳೇ 20 ಮಿ.ಮೀ. ಎದ್ದು ನಿಲ್ಲುತ್ತದೆ. ಗೋಡೆಗೆ ನಿಂಬೆಹಣ್ಣು ಅಂಟಿಸಿದ ಹಾಗೆ. ಅದರ ಬದಲು 8-9 ಮಿ.ಮೀ. ಸಾಕು. ಅಂಚಿನಲ್ಲಿ ಕಡಿದಾಗಿ ಎದ್ದು, ನೆತ್ತಿಯಲ್ಲಿ ಹದವಾಗಿ ಬಾಗಿದರೆ ಕಣ್ಣು ಅದನ್ನು ಪೂರ್ತಿ ಗುಂಡು ಅಂತಲೇ ಓದಿಕೊಳ್ಳುತ್ತದೆ. ಇನ್ನೊಂದು ಗುಟ್ಟು: ಎಲ್ಲ ಕಾಳೂ ಒಂದೇ ಎತ್ತರ ಬೇಡ. ಪಕ್ಕಪಕ್ಕದ ಕಾಳುಗಳ ನಡುವೆ ಒಂದೂವರೆ ಮಿ.ಮೀ. ಹೆಚ್ಚುಕಡಿಮೆ ಮಾಡಿ. ಒಂದು ಇನ್ನೊಂದರ ಹಿಂದೆ ಸರಿದ ಹಾಗೆ ಕಾಣುತ್ತದೆ. ಇಲ್ಲವಾದರೆ ಗೊಂಚಲು ಅನಿಸುವುದಿಲ್ಲ, ಮಾತ್ರೆ ಪಟ್ಟಿ ಅನಿಸುತ್ತದೆ.

ಎತ್ತರದ ಹಾಳೆ ತಯಾರಾದ ಮೇಲೆ ಗೆರೆಯ ಕೆಲಸ. ನಿಮ್ಮ ಲೋಗೋ ಮಾಡಿಕೊಟ್ಟ ಡಿಸೈನರ್ ಹತ್ತಿರ ಮೂಲ ಫೈಲ್ ಕೇಳಿ. ಎಐ (ಇಲ್ಲಿ ಇಲಸ್ಟ್ರೇಟರ್ ಫೈಲ್), ಸಿಡಿಆರ್, ಎಸ್‌ವಿಜಿ ಅಥವಾ ಪಿಡಿಎಫ್. ಇವು ವೆಕ್ಟರ್. ಚುಕ್ಕೆಗಳ ರಾಶಿಯಲ್ಲ, ಗೆರೆಗಳ ಲೆಕ್ಕ. ಎಷ್ಟು ದೊಡ್ಡದು ಮಾಡಿದರೂ ಅಂಚು ಕೆಡುವುದಿಲ್ಲ. ಸಿಗದೇ ಹೋದರೆ ಜೆಪಿಜಿಯನ್ನು ಕೆಳಗಿಟ್ಟು, ಕೋರಲ್ ಡ್ರಾ ಅಥವಾ ಇಂಕ್‌ಸ್ಕೇಪ್‌ನಲ್ಲಿ ಕೈಯಿಂದಲೇ ಮೇಲೆ ಗೆರೆ ಎಳೆಯಬೇಕು. ಇಂಕ್‌ಸ್ಕೇಪ್ ಉಚಿತ. ಸಾಫ್ಟ್‌ವೇರೇ ಗೆರೆ ಎಳೆದುಕೊಡುವ ಆಟೋ ಟ್ರೇಸ್ ಒತ್ತಿ ಮುಗಿಸಬೇಡಿ. ಒಂದು ವೃತ್ತಕ್ಕೆ ನಾಲ್ಕು ನೋಡ್ (ಗೆರೆಯನ್ನು ಹಿಡಿದಿಡುವ ಬಿಂದು) ಸಾಕು. ಮಸುಕಾದ ಚಿತ್ರವನ್ನು ಆಟೋ ಟ್ರೇಸ್ ಮಾಡಿದರೆ ಅದೇ ವೃತ್ತಕ್ಕೆ ನೂರಾರು ನೋಡ್ ಇಡುತ್ತದೆ. ಪರದೆಯ ಮೇಲೆ ದುಂಡಗೆ ಕಂಡದ್ದು ಮರದ ಮೇಲೆ ಹೊಡೆತ ತಿಂದ ಪಾತ್ರೆಯ ಅಂಚಿನ ಹಾಗೆ ಬರುತ್ತದೆ.

ಇಲ್ಲಿ ಕನ್ನಡ ಅಕ್ಷರಗಳ ವಿಷಯ ಬೇರೆಯಾಗಿ ಹೇಳಲೇಬೇಕು. ಇಂಗ್ಲಿಷ್ ಹೆಸರು ಕೆತ್ತಿ ಅಭ್ಯಾಸ ಇರುವ ಅಂಗಡಿಗಳು ಕನ್ನಡಕ್ಕೆ ಬಂದಾಗ ಮೂರು ಕಡೆ ಎಡವುತ್ತಾರೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ. ಅಕ್ಷರವನ್ನು ಅಕ್ಷರವಾಗಿಯೇ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ. ಹಳೆ ನುಡಿ ಫಾಂಟಿನಲ್ಲಿ ಬರೆದದ್ದಾದರೆ ಇಂಗ್ಲಿಷ್ ಅಕ್ಷರಗಳ ಗಂಜಿ. ಯೂನಿಕೋಡ್ ಆದರೂ ಹಳೆ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ. ಆದ್ದರಿಂದ ಕಳಿಸುವ ಮೊದಲು ಅಕ್ಷರವನ್ನು ಕರ್ವ್ಸ್, ಅಂದರೆ ಬರೀ ಗೆರೆಯ ಆಕಾರ, ಮಾಡಿಸಿ. ಎರಡನೆಯದು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ನಮ್ಮ ಫಾಂಟುಗಳಲ್ಲಿ ಗುಣಿತದ ಚಿಹ್ನೆ, ಒತ್ತು ಎಲ್ಲ ಬೇರೆ ಬೇರೆ ತುಂಡು. ಅವು ಮೂಲ ಅಕ್ಷರದ ಮೇಲೆ ಸ್ವಲ್ಪ ಹತ್ತಿ ಕೂತಿರುತ್ತವೆ. ಬಣ್ಣ ತುಂಬಿದಾಗ ಕಾಣುವುದಿಲ್ಲ. ಕೆತ್ತುವಾಗ ಯಂತ್ರ ಎರಡೂ ತುಂಡಿನ ಅಂಚನ್ನು ಬೇರೆ ಬೇರೆಯಾಗಿ ಓದುತ್ತದೆ. ‘ಕೊ’ ಅಕ್ಷರದ ಮಧ್ಯೆ ಬೇಡದ ಗೀರು ಬೀಳುತ್ತದೆ. ಎಲ್ಲವನ್ನೂ ವೆಲ್ಡ್ ಮಾಡಿ ಒಂದೇ ಹೊರಗೆರೆ ಮಾಡಬೇಕು. ಪರೀಕ್ಷೆ ಸುಲಭ: ಬಣ್ಣ ತೆಗೆದು ಬರೀ ಗೆರೆ ನೋಡಿ. ಅಕ್ಷರದ ಹೊಟ್ಟೆಯೊಳಗೆ ಅಡ್ಡಗೆರೆ ಕಂಡರೆ ವೆಲ್ಡ್ ಆಗಿಲ್ಲ.

ಮೂರನೆಯದು ಒತ್ತಕ್ಷರದ ದಪ್ಪ. ನಿಮಗೆ ಅಕ್ಷರ ಒಳಗೆ ಕೊರೆದ ಹಾಗೆ ಬೇಕಾದರೆ ವಿ ಬಿಟ್, ಅಂದರೆ ಚೂಪು ತುದಿಯ ಕೊರೆಯುವ ಮೊನೆ, ಬಳಸುತ್ತಾರೆ. ಅದರಲ್ಲಿ ಆಳವನ್ನು ನಾವು ಹೇಳುವುದಿಲ್ಲ, ಗೆರೆಯ ಅಗಲವೇ ಹೇಳುತ್ತದೆ. 90 ಡಿಗ್ರಿ ಬಿಟ್ ಆದರೆ ಆಳ ಅಗಲದ ಅರ್ಧ. 60 ಡಿಗ್ರಿ ಆದರೆ ಅಗಲದ ಸುಮಾರು 0.87 ಪಾಲು. ನಿಮ್ಮ ಮೂಲ ಅಕ್ಷರದ ಗೆರೆ 22 ಮಿ.ಮೀ., ಒತ್ತಕ್ಷರದ್ದು 7. 60 ಡಿಗ್ರಿ ಬಿಟ್ಟಿನಲ್ಲಿ ಒಂದು 19 ಮಿ.ಮೀ. ಆಳ ಹೋಗುತ್ತದೆ, ಇನ್ನೊಂದು 6ಕ್ಕೇ ನಿಲ್ಲುತ್ತದೆ. ಉಬ್ಬಿದ ಅಕ್ಷರಕ್ಕೆ ಮಧ್ಯೆ ಏಣು ಬರುವ ಹಾಗೆ ಇಳಿಜಾರು ಕೊಟ್ಟರೂ ಇದೇ ತೊಂದರೆ, ಒತ್ತು ಕುಗ್ಗಿ ಕೂತ ಹಾಗೆ ಕಾಣುತ್ತದೆ. ನಿಮ್ಮ ಹೆಸರಿಗೆ ನನ್ನ ಸಲಹೆ ಬೇರೆ. ಅಕ್ಷರದ ನೆತ್ತಿ ಚಪ್ಪಟೆಯಾಗಿಯೇ ಇರಲಿ, ಅಂಚಿನಲ್ಲಿ ಮಾತ್ರ 3 ಮಿ.ಮೀ. ಇಳಿಜಾರು ಕೊಡಿ. ಒತ್ತಿನ ಗೆರೆಯನ್ನು 7ರಿಂದ 9ಕ್ಕೆ ದಪ್ಪ ಮಾಡಿ. ಲೋಗೋ ಬದಲಾಯಿಸಿದ ಹಾಗಾಗುತ್ತದೆ ಅಂತ ಡಿಸೈನರ್ ತಕರಾರು ತೆಗೆಯಬಹುದು. ಕಾಗದದ ಲೋಗೋ ಬೇರೆ, ಮರದ ಲೋಗೋ ಬೇರೆ. ಹೆಸರಿನ ಕೆಳಗಿನ ಸಣ್ಣ ಘೋಷವಾಕ್ಯವನ್ನೂ ಟ್ರೇಡ್‌ಮಾರ್ಕಿನ ಪುಟ್ಟ ಚಿಹ್ನೆಯನ್ನೂ ಬಿಟ್ಟೇ ಬಿಡಿ. 3 ಮಿ.ಮೀ.ಗಿಂತ ತೆಳುವಾದ ಏನೂ ತೇಗದಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ನಾರಿನ ಜೊತೆ ಸಿಡಿದು ಹೋಗುತ್ತದೆ.

ಗೆರೆ ಸಿದ್ಧವಾದ ಮೇಲೆ ಉಬ್ಬಿಸುವ ಕೆಲಸ ನಿಜಕ್ಕೂ ಬೇಗ ಆಗುತ್ತದೆ. ವೆಕ್ಟ್ರಿಕ್ ಕಂಪನಿಯ ಆಸ್ಪೈರ್ ಸಾಫ್ಟ್‌ವೇರ್ ಇದಕ್ಕೆ ಒಳ್ಳೆಯದು. ಆರ್ಟ್‌ಕ್ಯಾಮ್ ಅನ್ನು ಆಟೋಡೆಸ್ಕ್ 2018ರಲ್ಲಿ ನಿಲ್ಲಿಸಿತು, ಅದೇ ಈಗ ಕಾರ್ವೆಕೋ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ನಮ್ಮ ಕಡೆಯ ಶೆಡ್ಡುಗಳಲ್ಲಿ ಹಳೆ ಆರ್ಟ್‌ಕ್ಯಾಮ್ ಇವತ್ತಿಗೂ ಓಡುತ್ತಿದೆ. ಯಾವುದಾದರೂ ಸರಿ, ಕ್ರಮ ಒಂದೇ. ಒಂದೊಂದು ಗೆರೆಯನ್ನು ಆರಿಸಿ ಇದು ದುಂಡು, ಇದು ಇಳಿಜಾರು, ಇದು ಚಪ್ಪಟೆ ಅಂತ ಹೇಳುವುದು. ತಳ ಎಷ್ಟು ಮೇಲೆ, ಯಾವ ಕಡೆಗೆ ವಾಲಬೇಕು ಅಂತ ಕೊಡುವುದು. ಆಮೇಲೆ ಒಂದರ ಮೇಲೊಂದು ಕೂರಿಸುವುದು. ಇಲ್ಲಿ ಒಂದೇ ಎಚ್ಚರಿಕೆ. ಎಲೆಯನ್ನು ಬಳೆಯ ಮೇಲೆ ಕೂರಿಸುವಾಗ ‘ಆ್ಯಡ್’ ಕೊಟ್ಟರೆ ಎರಡರ ಎತ್ತರ ಕೂಡಿಹೋಗುತ್ತದೆ. ಕೆಳಗಿನ ಬಳೆಯ ಉಬ್ಬು ಎಲೆಯ ಮೇಲೂ ಮೂಡುತ್ತದೆ, ಚಾದರದ ಕೆಳಗೆ ಕೋಲು ಇಟ್ಟ ಹಾಗೆ. ‘ಮರ್ಜ್’ ಕೊಟ್ಟರೆ ಯಾವುದು ಎತ್ತರವೋ ಅದು ಮಾತ್ರ ಉಳಿಯುತ್ತದೆ. ನಿಮಗೆ ಬೇಕಾದದ್ದು ಅದು.

ನೇರವಾಗಿ ತೇಗಕ್ಕೆ ಕೈ ಹಾಕಬೇಡಿ. ಕಾಲು ಅಳತೆಯಲ್ಲಿ, ಅಂದರೆ ಒಂದಡಿ ಅಗಲದಲ್ಲಿ, ದಪ್ಪ ಪಿವಿಸಿ ಫೋಮ್ ಬೋರ್ಡಿನಲ್ಲಿ ಒಂದು ಮಾದರಿ ಕೆತ್ತಿಸಿ. ಒಂದೆರಡು ಗಂಟೆಯ ಕೆಲಸ. ಅದನ್ನು ನಿಮ್ಮ ಗೋಡೆಗೇ ಹಿಡಿದು ನೋಡಿ. ಏನು ಬದಲಾಯಿಸಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮರದ ವಿಷಯ. ತೇಗ ಬಾಳಿಕೆಗೆ ಒಳ್ಳೆಯದು, ಆದರೆ ಅದರೊಳಗೆ ಸಿಲಿಕಾ ಇರುತ್ತದೆ, ಬಿಟ್ ಬೇಗ ಮೊಂಡಾಗುತ್ತದೆ. ಸಣ್ಣ ಸಣ್ಣ ವಿವರಕ್ಕೆ ಶಿವನಿ ಮರ ಇನ್ನೂ ಚೆನ್ನ. ಸಾಗರ, ಸೊರಬದ ಗುಡಿಗಾರರು ಸುಮ್ನೆ ಅದನ್ನು ಆರಿಸಿಕೊಂಡಿಲ್ಲ. ತಿಳಿ ಬಣ್ಣ, ಮೆತ್ತಗೆ, ಉಳಿಗೆ ಬಗ್ಗುತ್ತದೆ. ಬೀಟೆ ಅಂದ ಅಂತ ಆಸೆಪಡಬೇಡಿ. ಕಪ್ಪು ಮರದಲ್ಲಿ ನೆರಳು ಕಾಣುವುದಿಲ್ಲ. ಮರದ ಗೆರೆ ಯಾವುದು, ಕೆತ್ತಿದ ಗೆರೆ ಯಾವುದು ಅಂತ ಕಣ್ಣಿಗೆ ಗೊಂದಲ. ಯಾವ ಮರವಾದರೂ ಒಂದೇ ಅಗಲವಾದ ತುಂಡಿನ ಹಲಗೆ ಬೇಡ. 3-4 ಇಂಚಿನ ಪಟ್ಟಿಗಳನ್ನು ಅಂಟಿಸಿ ಮಾಡಬೇಕು. ಮರ ಉದ್ದಕ್ಕೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ನಿಮ್ಮ ಊರಿನ ಜುಲೈ ತಿಂಗಳ ಬಗ್ಗೆ ನಿಮಗೆ ನಾನೇನು ಹೇಳಲಿ. ಅದಕ್ಕೇ ಪಾಲಿಶ್ ಮುಂದೆ ಎಷ್ಟು ಕೈ ಹೊಡೆಸುತ್ತೀರೋ ಹಿಂದೆಯೂ ಅಷ್ಟೇ ಹೊಡೆಸಿ. ಮುಂದೆ ಮಾತ್ರ ಹೊಡೆಸಿದರೆ ಹಿಂಭಾಗ ತೇವ ಕುಡಿದು ಹಲಗೆ ಹಪ್ಪಳದ ಹಾಗೆ ಬಾಗುತ್ತದೆ.

ದರ ಕೇಳುವಾಗ ಚದರಡಿಗೆ ಎಷ್ಟು ಅಂತ ಕೇಳಬೇಡಿ. ಯಂತ್ರ ಎಷ್ಟು ಗಂಟೆ ಓಡುತ್ತದೆ, ಸ್ಟೆಪ್ ಓವರ್ ಎಷ್ಟು ಅಂತ ಕೇಳಿ. ಸ್ಟೆಪ್ ಓವರ್ ಅಂದರೆ ಬಿಟ್ ಒಂದು ಸಾಲು ಮುಗಿಸಿದ ಮೇಲೆ ಪಕ್ಕಕ್ಕೆ ಎಷ್ಟು ಸರಿಯುತ್ತದೆ ಅನ್ನುವುದು. ಉಳುಮೆಯ ಸಾಲಿನ ಹಾಗೆ. ನಿಮ್ಮ ಹಲಗೆ 1200 ಮಿ.ಮೀ. ಅಗಲ, 750 ಎತ್ತರ. ಸ್ಟೆಪ್ ಓವರ್ 0.4 ಮಿ.ಮೀ. ಇಟ್ಟರೆ 1875 ಸಾಲು. ಒಂದೊಂದು ಸಾಲು 1.2 ಮೀಟರ್, ಒಟ್ಟು 2250 ಮೀಟರ್. ನಿಮಿಷಕ್ಕೆ 3 ಮೀಟರ್ ವೇಗದಲ್ಲಿ 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ಅದೂ ಕೊನೆಯ ಸುತ್ತಿಗೆ ಮಾತ್ರ. ದಪ್ಪ ಬಿಟ್ಟಿನಲ್ಲಿ ಒರಟು ತೆಗೆಯುವ ಕೆಲಸ ಬೇರೆ. ಈಗ ಅಂಗಡಿಯವರಿಗೆ ಇರುವ ಆಸೆ ಅರ್ಥವಾಯಿತಲ್ಲ? ಸ್ಟೆಪ್ ಓವರ್ ಎರಡರಷ್ಟು ಮಾಡಿದರೆ ಸಮಯ ಅರ್ಧ. 6 ಮಿ.ಮೀ. ಬಾಲ್ ನೋಸ್ (ದುಂಡು ತುದಿಯ) ಬಿಟ್ಟಿನಲ್ಲಿ 0.6 ಸರಿದರೆ ಸಾಲುಗಳ ನಡುವೆ ಉಳಿಯುವ ಏಣಿನ ಎತ್ತರ 0.015 ಮಿ.ಮೀ., ಕೈಗೆ ತಿಳಿಯುವುದಿಲ್ಲ. 1.5 ಸರಿದರೆ ಸುಮಾರು 0.1 ಆಗುತ್ತದೆ. ಪಾಲಿಶ್ ಬೀಳುವ ತನಕ ಗೊತ್ತಾಗುವುದಿಲ್ಲ, ಬಿದ್ದ ಮೇಲೆ ಎಲೆ ಪೂರ್ತಿ ಕಾರ್ಡುರಾಯ್ ಪ್ಯಾಂಟು. ಸಮಯ ಉಳಿಸುವ ಪ್ರಾಮಾಣಿಕ ದಾರಿಯೂ ಇದೆ. ಚಪ್ಪಟೆ ಹಿನ್ನೆಲೆಯನ್ನು ಚಪ್ಪಟೆ ಬಿಟ್ಟಿನಲ್ಲಿ ಬೇಗ ಮುಗಿಸಿ, ಉಬ್ಬಿರುವ ಭಾಗಕ್ಕೆ ಮಾತ್ರ ಸಣ್ಣ ಬಾಲ್ ನೋಸ್ ಓಡಿಸಬಹುದು. ನಿಮ್ಮ ಲೋಗೋದಲ್ಲಿ ಅರ್ಧಕ್ಕಿಂತ ಜಾಸ್ತಿ ಹಿನ್ನೆಲೆಯೇ ಇದೆ.

ಯಂತ್ರದಿಂದ ಇಳಿದ ಹಲಗೆ ಮುಗಿದ ಕೆಲಸ ಅಂದುಕೊಳ್ಳಬೇಡಿ. ಮೂರು ಅಕ್ಷದ ರೂಟರ್, ಅಂದರೆ ಈ ಕೆತ್ತನೆ ಯಂತ್ರ, ಮೇಲಿಂದ ಕೆಳಗೆ ಮಾತ್ರ ನೋಡುತ್ತದೆ. ಎಲೆಯ ಅಂಚಿನ ಕೆಳಗೆ ನುಗ್ಗಿ ತೆಗೆಯಲು ಅದಕ್ಕೆ ಬರುವುದಿಲ್ಲ. ಬೇಲೂರಿನ ಮದನಿಕೆಯರ ತಲೆಯ ಮೇಲಿನ ಬಳ್ಳಿಚಪ್ಪರ ನೋಡಿದ್ದೀರಲ್ಲ, ಅದು ಕಲ್ಲಿನಿಂದ ಬಿಟ್ಟುಕೊಂಡ ಹಾಗೆ ಕಾಣುವುದು ಹಿಂದೆ ಕೊರೆದು ಕತ್ತಲೆ ತುಂಬಿರುವುದರಿಂದ. ನಿಮಗೆ ಅಷ್ಟೆಲ್ಲ ಬೇಡ. ಎಲೆ ಬಳೆಯನ್ನು ದಾಟುವಲ್ಲಿ ಅದರ ಎರಡೂ ಅಂಚು, ಮತ್ತೆ ಗೊಂಚಲಿನ ಒಂದು ಬದಿ. ಅಲ್ಲಿ ಉಳಿಯಿಂದ 3-4 ಮಿ.ಮೀ. ಒಳಗೆ ಕೊರೆದರೆ ಸಾಕು, ಒಂದು ಕಪ್ಪು ಗೆರೆ ನಿಲ್ಲುತ್ತದೆ. ಎಲೆ ಬಳೆಯಿಂದ ಎದ್ದು ಬರುತ್ತದೆ. ಬಿಟ್ಟಿನ ದುಂಡಗಿನಿಂದ ಮೊಂಡಾದ ಒಳಮೂಲೆಗಳನ್ನೂ ಅದೇ ಕೈಯಲ್ಲಿ ಚೂಪು ಮಾಡಿಸಿ. ಎಲೆಯ ನರಗಳನ್ನು ನಾನು ಯಂತ್ರಕ್ಕೆ ಬಿಡುವುದೇ ಇಲ್ಲ, ಕೈಯಲ್ಲಿ ಎಳೆದ ನರ ಒಂದೊಂದು ಒಂದೊಂದು ರೀತಿ ಇರುತ್ತದೆ. ನಿಮ್ಮ ಊರಿನ ಕಡೆಯೇ ಗುಡಿಗಾರರಿದ್ದಾರೆ. ಒಂದು ದಿನದ ಕೂಲಿ ಕೊಟ್ಟು ಕರೆಸಿ. ಇಡೀ ಕೆಲಸದಲ್ಲಿ ಅದರಷ್ಟು ಪ್ರಯೋಜನದ ಖರ್ಚು ಇನ್ನೊಂದಿಲ್ಲ.

ಈಗ ಬೆಳಕು. ಇದನ್ನು ನಾನು ಕಲಿತದ್ದು ಮರ್ಯಾದೆ ಹೋಗುವ ಹೊತ್ತಿನಲ್ಲಿ. ಕೆಲವು ವರ್ಷದ ಹಿಂದೆ ಒಂದು ಸಹಕಾರ ಸಂಘಕ್ಕೆ ಅಡಿಕೆ ಗೊನೆಯ ಲಾಂಛನ ಕೆತ್ತಿಕೊಟ್ಟಿದ್ದೆ. ವರ್ಕ್‌ಶಾಪಿನಲ್ಲಿ ಸಂಜೆ ಬಿಸಿಲು ಕಿಟಕಿಯಿಂದ ಅಡ್ಡ ಬೀಳುವಾಗ ಅದು ಕೈಗೆ ಸಿಗುವ ಹಾಗಿತ್ತು. ಅವರ ಹಾಲಿನಲ್ಲಿ ತೂಗುಹಾಕಿದರೆ ಬರೀ ಚಪ್ಪಟೆ ಹಲಗೆಯಂತಿತ್ತು. ಎದುರುಗಡೆ ಸೀಲಿಂಗಿನಲ್ಲಿ ಎರಡು ಟ್ಯೂಬ್‌ಲೈಟ್, ಬೆಳಕು ನೇರ ಮುಖಕ್ಕೆ. ಅಧ್ಯಕ್ಷರು ‘ಇದನ್ನ ಪ್ರಿಂಟ್ ಹಾಕಿಸಿದ್ರೆ ಸಾಕಿತ್ತಲ್ರೀ’ ಅಂದರು. ನನಗೆ ಮಾತು ಹೊರಡಲಿಲ್ಲ. ಜೊತೆಗೆ ಬಂದಿದ್ದ ಹುಡುಗ ಸುಮ್ಮನೆ ಲೈಟ್ ಆರಿಸಿ, ಸ್ಟೂಲ್ ಹತ್ತಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ ಮೇಲಿನಿಂದ ಹಿಡಿದ. ಅಡಿಕೆಗಳು ಒಂದೊಂದಾಗಿ ಎದ್ದು ಬಂದವು. ಹಾಳೆಯ ನಾರು ಕೂಡ ಕಂಡಿತು. ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿದೆವು.

ಲೆಕ್ಕ ಹೀಗಿದೆ. ನಿಮ್ಮ ಹಲಗೆಯ ಮೇಲಂಚಿನಿಂದ ಒಂದಡಿ ಮೇಲೆ, ಗೋಡೆಯಿಂದ 10 ಇಂಚು ಮುಂದೆ ಲೈಟ್ ಇಟ್ಟರೆ, ಹಲಗೆಯ ನಡುಮಧ್ಯಕ್ಕೆ ಬೆಳಕು ಸುಮಾರು 20 ಡಿಗ್ರಿಯಲ್ಲಿ ಬೀಳುತ್ತದೆ. ಆ ಕೋನದಲ್ಲಿ 12 ಮಿ.ಮೀ. ಎತ್ತರದ ಎಲೆಯಂಚು 33 ಮಿ.ಮೀ. ಉದ್ದದ ನೆರಳು ಚೆಲ್ಲುತ್ತದೆ. ಅದೇ ಎಲೆಗೆ ಎದುರಿನಿಂದ 70 ಡಿಗ್ರಿಯಲ್ಲಿ ಬೆಳಕು ಬಿದ್ದರೆ ನೆರಳು 4 ಮಿ.ಮೀ. ದುಡ್ಡು ಕೊಟ್ಟು 18 ಮಿ.ಮೀ. ಕೆತ್ತಿಸಿ, ಬೆಳಕು ತಪ್ಪಾಗಿ ಇಟ್ಟರೆ ಏನು ಉಳಿಯಿತು? ಇನ್ನೊಂದು ಮಾತು, ನೆಲದಿಂದ ಮೇಲಕ್ಕೆ ಬೆಳಕು ಬೀರುವ ಲೈಟ್ ಹಾಕಿಸಲೇಬೇಡಿ. ಬೆಳಕು ಮೇಲಿಂದ ಬರುತ್ತದೆ ಅಂತ ನಮ್ಮ ಕಣ್ಣಿಗೆ ಅಭ್ಯಾಸವಾಗಿದೆ. ಕೆಳಗಿಂದ ಬೆಳಗಿದರೆ ಉಬ್ಬಿದ್ದೆಲ್ಲ ತಗ್ಗಿನ ಹಾಗೆ ಕಾಣುತ್ತದೆ. ನಿಮಗೆ ಮತ್ತೆ ಅಳಗುಳಿಮಣೆ.

ಬಣ್ಣ ಹಚ್ಚಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಕೆತ್ತನೆ ಅಂದ ಮೇಲೆ ಎಲೆ ಬೇರೆ, ಬಳೆ ಬೇರೆ ಅಂತ ತೋರಿಸುವ ಕೆಲಸವನ್ನು ನೆರಳು ಮಾಡುತ್ತದೆ. ಕಂಪನಿಯ ಬಣ್ಣ ಇರಲೇಬೇಕು ಅಂತಿದ್ದರೆ ಹಿನ್ನೆಲೆಗೆ ಒಂದು ಕಡುಬಣ್ಣ ಕೊಟ್ಟು, ಉಬ್ಬಿದ ಭಾಗವನ್ನು ಮರದ ಬಣ್ಣದಲ್ಲೇ ಬಿಡಿ. ಪಾಲಿಶ್ ಮ್ಯಾಟ್ ಇರಲಿ. ಗ್ಲಾಸಿ ಹೊಡೆಸಿದರೆ ಕಾಳಿನ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಕಾಣುತ್ತದೆ, ಕಾಳು ಕಾಣುವುದಿಲ್ಲ.

ಪದರ ಪದರವಾಗಿ ಅಂಟಿಸಿಕೊಡುತ್ತೇವೆ ಅಂದವರ ಬಗ್ಗೆ: ಅದು ಮೋಸವೇನಲ್ಲ, ಆದರೆ ಬೇರೆ ವಸ್ತು. ಬಳೆ, ಅಕ್ಷರಕ್ಕೆ ಚೆನ್ನಾಗಿ ಹೊಂದುತ್ತದೆ, ಖರ್ಚೂ ಕಡಿಮೆ. ಎಲೆ, ಕಾಳು ಮಾತ್ರ ಬಿಸ್ಕತ್ತು ಜೋಡಿಸಿದ ಹಾಗೆ ಬರುತ್ತವೆ. ಕಟ್ಟಡದ ಹೊರಗೆ ಹಾಕುವ ಬೋರ್ಡಿಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ದೂರದಿಂದ ನೋಡುವವರಿಗೆ ಎಲೆಯ ಬಾಗು ಕಾಣುವುದಿಲ್ಲ. ಹೊರಗಿನ ಬೋರ್ಡಿನಲ್ಲಿ ಶೇ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ, ಅಂತ 2024ರಿಂದ ಕಾನೂನೇ ಇದೆ. ನಿಮ್ಮದು ಹೇಗೂ ಕನ್ನಡವೇ, ತೊಂದರೆ ಇಲ್ಲ.

ಕೊನೆಗೆ ನಿಮ್ಮ ಹಲಗೆ. ತಿರುಗಿಸಿ ಹಿಂಭಾಗದಲ್ಲಿ ಕೆತ್ತಿಸೋಣ ಅಂತ ನಿಮ್ಮ ಮನಸ್ಸಿನಲ್ಲಿ ಬಂದಿರುತ್ತದೆ, ಎಲ್ಲರಿಗೂ ಬರುತ್ತದೆ. ಬೇಡ. ಎರಡೂ ಕಡೆ ತಗ್ಗುದಿಣ್ಣೆ ಆದರೆ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿ ಹಲಗೆ ತಿರುಚಿಕೊಳ್ಳುತ್ತದೆ. ನಿಮ್ಮದು 38 ಮಿ.ಮೀ. ದಪ್ಪ, ಕೆತ್ತಿದ ಆಳ 12 ಅಂತ ಬರೆದಿದ್ದೀರಿ. ಮುಂದಿನಿಂದ 13 ಮಿ.ಮೀ. ಹೆರೆಸಿಬಿಡಿ, 25 ಉಳಿಯುತ್ತದೆ. ನಾನು ಮೇಲೆ ಕೊಟ್ಟ ಎತ್ತರಗಳನ್ನೆಲ್ಲ ಮೂರರಲ್ಲಿ ಎರಡು ಪಾಲು ಮಾಡಿ. ಕಾಳು 12, ಎಲೆ ದಾಟುವಲ್ಲಿ 8, ಬಳೆ ಮತ್ತು ಅಕ್ಷರ 5ಕ್ಕೆ ಸ್ವಲ್ಪ ಮೇಲೆ. ಹಿಂದೆ 13 ಮಿ.ಮೀ. ಉಳಿಯಿತು, ತೆಳು. ಆದ್ದರಿಂದ ಹಿಂಬದಿಗೆ ಎರಡು ಅಡ್ಡಪಟ್ಟಿ ಕೊಡಿಸಿ. ಪಟ್ಟಿಯಲ್ಲಿ ಸ್ಕ್ರೂ ತೂತು ದುಂಡಗೆ ಬೇಡ, ಉದ್ದುದ್ದ ಇರಲಿ. ಮರ ಹಿಗ್ಗಿದಾಗ ಸ್ಕ್ರೂ ಸರಿಯಲು ಜಾಗ ಬೇಕು. ಅಂಟು ಹಾಕಿ ಬಿಗಿದರೆ ಮೊದಲ ಮಳೆಗಾಲಕ್ಕೇ ಸೀಳು ಬಿಡುತ್ತದೆ. ಗೋಡೆಗೆ ತೂಗುಹಾಕಲು 45 ಡಿಗ್ರಿಯಲ್ಲಿ ಸೀಳಿದ ಎರಡು ಪಟ್ಟಿ ಸಾಕು. ಒಂದು ಗೋಡೆಗೆ, ಒಂದು ಹಲಗೆಗೆ, ಒಂದಕ್ಕೊಂದು ಕೊಕ್ಕೆಯ ಹಾಗೆ ಕೂರುತ್ತವೆ. ಹೆರೆದ ಮೇಲೆ ಹಲಗೆ ಹದಿನೈದು ಕೆಜಿ ಒಳಗೇ ಇರುತ್ತದೆ.

ಹೆರೆಸಲು ಕೊಡುವ ಮೊದಲು ಒಂದು ಕೆಲಸ ಮಾಡಿ. ಹಳೆ ಮನೆಯ ಮರ ಅಂದಿರಿ. ತಲೆ ಮುರಿದು ಒಳಗೆ ಉಳಿದ ಮೊಳೆಗಳು ಇರುವ ಸಾಧ್ಯತೆ ಜಾಸ್ತಿ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ಹಲಗೆಯ ಮೇಲೆ ಒಂದೊಂದು ಪಟ್ಟಿಯ ಉದ್ದಕ್ಕೂ ನಿಧಾನವಾಗಿ ಎಳೆದುಕೊಂಡು ಹೋಗಿ. ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ಚಾಕ್‌ಪೀಸಿನಲ್ಲಿ ಗುರುತು ಮಾಡಿ, ಕಿತ್ತ ಮೇಲೆಯೇ ಕಳಿಸಿ. ಅಲ್ಲಿ ಕಿತ್ತ ತೂತು ಗೊಂಚಲಿನ ಜಾಗಕ್ಕೆ ಬಂದರೆ ಅದೇ ಮರದ ಬೆಣೆ ಹಾಕಿಸಿ, ನಾರಿನ ದಿಕ್ಕು ನೋಡಿಕೊಂಡು.